ಹಾರುವ ಸವಾರನೂ ನಿಂತ ಚಿತ್ರಗ್ರಾಹಕನೂ

ಒಂದೇ ವಸ್ತುವನ್ನು ಎರಡು ಎಡೆಗಳಲ್ಲಿ ನಿಂತು ನೋಡಿದರೆ ಎರಡು ವಸ್ತುಗಳನ್ನು ಕಂಡಂತೆ ತೋರುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಮಾಗಡಿ ತಾಲ್ಲೂಕಿನ ಸಾವನದುರ್ಗವು ಸಮುದ್ರಮಟ್ಟದಿಂದ 1226 ಮೀಟರು ಎತ್ತರವಿರುವ ಬೃಹತ್ತಾದ ಶಿಲಾಪರ್ವತ. ಅದರ ಬುಡದಲ್ಲಿ ನಿಂತವನಿಗೆ ಅದು ಆಕಾಶವನ್ನು ಮರೆಮಾಡಿದ ಗೋಡೆ. ಹತ್ತು ಮೈಲಿ ದೂರದ ಹೊಲದಲ್ಲಿ ನಿಂತವನಿಗೆ ಬೋರಲು ಹಾಕಿದ ಬೋಗುಣಿ. ಇಬ್ಬರೂ ಸುಳ್ಳಾಡುವವರಲ್ಲ. ಆದರೆ ಅವರಲ್ಲಿ ಒಬ್ಬನ ಮಾತನ್ನು ಮಾತ್ರ ಕೇಳಿ ಬೆಟ್ಟವನ್ನು ಹತ್ತಲು ಹೊರಟವನು ಹೆದರಿ ಹಿಂದಿರುಗಿಯಾನು, ಇಲ್ಲವೆ ಅಲಕ್ಷ್ಯದಿಂದ ಹೋಗಿ ಕಾಲು ಮುರಿದುಕೊಂಡಾನು. ಛಾಯಾಚಿತ್ರದ ವಿಷಯವೂ ಹೀಗೆಯೇ. ಕ್ಯಾಮರಾ ಕಂಡದ್ದನ್ನೇ ಹೇಳುವುದೆಂದು ಲೋಕವು ನಂಬಿದೆ. ಅದು ಎಲ್ಲಿ ನಿಂತು ಕಂಡಿತೆಂಬುದನ್ನು ವಿಚಾರಿಸುವವರು ವಿರಳ.

ಈ ವಿಚಾರವನ್ನು ಗೃಹಸ್ಥರ ಮುಂದೆ ಇಡುವುದಕ್ಕೆ ಕಾರಣವುಂಟು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು 2007ರಲ್ಲಿ ರಾಮನಗರ ಜಿಲ್ಲೆಯಾಗಿ ಕೂಡಿಕೊಂಡುವು. ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರು ಬಂದಿತು. ರಾಜಧಾನಿಗೆ ಇಷ್ಟು ಸಮೀಪವಾದ ಈ ಸೀಮೆಯ ತರುಣರಲ್ಲಿ ಮಣ್ಣುದಾರಿಯ ಮೋಟಾರುಸೈಕಲ್ ಸವಾರಿಯ ಆಸೆ ಹತ್ತಿದವರು ಇಲ್ಲದಿಲ್ಲ. ಕ್ಯಾಮರಾ ಇರುವ ಮೊಬೈಲು ಫೋನು ಇಲ್ಲದ ಮನೆಯೂ ಅಪರೂಪ. ಹೀಗಾಗಿ ಮಗನು ಮನೆಗೆ ಬರುವ ಮುನ್ನವೇ ಅವನು ಗಾಳಿಯಲ್ಲಿ ಹಾರಿದ ಚಿತ್ರವು ತಾಯಿಯ ಕೈ ಸೇರುವುದು. ಅದನ್ನು ನೋಡಿ ಆಕೆ ಹೆದರಬೇಕೋ ಹಿಗ್ಗಬೇಕೋ ಎಂಬುದನ್ನು ಚಿತ್ರ ತೆಗೆದವನು ನಿಂತ ಜಾಗವು ಅರ್ಧಪಾಲು ಮೊದಲೇ ನಿರ್ಣಯಿಸಿರುವುದು. ಆದಕಾರಣ ಕ್ಯಾಮರಾದ ಕೋನವೆಂಬುದು ಕಲಾವಿದರ ಚರ್ಚೆಗೆ ಮಾತ್ರ ಸೇರಿದ ವಿಷಯವಲ್ಲ. ಮನೆಯವರೂ ತಿಳಿದಿರಬೇಕಾದ ವಿಷಯ.

ಆಟದ ಪರಿಚಯ

ಮೋಟೋಕ್ರಾಸ್ ಎಂಬುದು ಮಣ್ಣಿನ ಅಂಕಣದಲ್ಲಿ ನಡೆಯುವ ಮೋಟಾರುಸೈಕಲ್ ಪಂದ್ಯ. ಇದರಲ್ಲಿ ದಿಬ್ಬಗಳು, ತಗ್ಗುಗಳು, ಕಡಿದಾದ ತಿರುವುಗಳು ಇರುವುವು; ಸವಾರನು ದಿಬ್ಬದಿಂದ ಹಾರಿ ಇಳಿಜಾರಿನಲ್ಲಿ ಇಳಿದು ಮುಂದಿನ ತಿರುವಿಗೆ ನುಗ್ಗುವನು. 1924ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿ ಎಂಬಲ್ಲಿ ನಡೆದ ಪಂದ್ಯವನ್ನು ಈ ಆಟದ ಆದಿಯೆಂದು ಎಣಿಸುವ ವಾಡಿಕೆಯಿದೆ. ಆಗ ಇದಕ್ಕೆ ಸ್ಕ್ರ್ಯಾಂಬಲ್ ಎಂಬ ಹೆಸರಿದ್ದಿತು. ಮೋಟಾರುಸೈಕಲ್ಲಿಗೆ ಫ್ರೆಂಚ್ ಭಾಷೆಯಲ್ಲಿರುವ ಹೆಸರಿನ ಮುಂಭಾಗವನ್ನೂ ‘ಕ್ರಾಸ್ ಕಂಟ್ರಿ’ ಎಂಬುದರ ಮೊದಲ ಪದವನ್ನೂ ಸೇರಿಸಿದ ಸಮಾಸವೇ ಇಂದಿನ ಹೆಸರು. 1957ರಿಂದ ಇದಕ್ಕೆ ವಿಶ್ವ ಚಾಂಪಿಯನ್‌ಷಿಪ್ಪು ನಡೆಯುತ್ತಿದೆ. ಊರಿನೊಳಗಣ ಮೈದಾನಕ್ಕೆ ಮಣ್ಣನ್ನು ತಂದು ಸುರಿದು, ಕೃತಕವಾದ ದಿಬ್ಬಗಳನ್ನು ಕಟ್ಟಿ ಆಡುವ ಬಗೆಯನ್ನು ಸೂಪರ್‌ಕ್ರಾಸ್ ಎನ್ನುವರು.

ನಮ್ಮ ನಾಡು ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು ಮಣ್ಣಿನ ಪಂದ್ಯಗಳಲ್ಲಿಯೇ ಪಳಗಿ, 2015ರಲ್ಲಿ ಡಾಕರ್ ರ‍್ಯಾಲಿ ಎಂಬ ಕಠಿನವಾದ ದೀರ್ಘಪಂದ್ಯವನ್ನು ಪೂರೈಸಿ 36ನೆಯ ಸ್ಥಾನವನ್ನು ಗಳಿಸಿದರು. ಮೋಟಾರುಸೈಕಲ್ಲಿನ ಮೇಲೆ ಅದನ್ನು ಮುಗಿಸಿದ ಭಾರತೀಯರಲ್ಲಿ ಅವರೇ ಮೊದಲಿಗರು. 2021ರಲ್ಲಿ ಅದೇ ರ‍್ಯಾಲಿಯಲ್ಲಿ ಸೌದಿ ಅರೇಬಿಯದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಕೆಲಕಾಲ ಔಷಧಿಯಿಂದ ಪ್ರಜ್ಞೆಯಿಲ್ಲದಂತೆ ಇರಿಸಬೇಕಾಯಿತು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ ಅವರು 2019ರಲ್ಲಿ ಎಫ್.ಐ.ಎಂ. ಬಾಹಾಸ್ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. 2024ರ ಫೆಬ್ರವರಿಯಲ್ಲಿ ಭಾರತೀಯ ಸೂಪರ್‌ಕ್ರಾಸ್ ಲೀಗಿನ ಮೊದಲ ಋತುವಿನ ಕಡೆಯ ಸುತ್ತು ಬೆಂಗಳೂರಿನಲ್ಲಿಯೇ ನಡೆಯಿತು. ಕೀರ್ತಿ, ಅಪಾಯ ಎರಡೂ ಈ ಆಟದಲ್ಲಿ ಜೊತೆಜೊತೆಯಾಗಿ ಇರುವುವೆಂಬುದು ಇದರಿಂದ ಸ್ಪಷ್ಟ. ಒಳ್ಳೆಯ ಚಿತ್ರವು ಎರಡನ್ನೂ ಮರೆಮಾಡಬಾರದು.

ಪ್ರಶ್ನೆ ಮೊದಲು, ಕೋನ ಆಮೇಲೆ

ಎಲ್ಲಿ ನಿಲ್ಲಬೇಕೆಂದು ಕೇಳುವುದಕ್ಕೆ ಮೊದಲು ಏನನ್ನು ತೋರಿಸಬೇಕೆಂದು ಕೇಳಿಕೊಳ್ಳಬೇಕು. ಇದಕ್ಕೆ ಛಾಯಾಗ್ರಹಣದ ಇತಿಹಾಸದಲ್ಲಿಯೇ ಒಂದು ನಿದರ್ಶನವಿದೆ. ಓಡುವ ಕುದುರೆಯ ನಾಲ್ಕು ಕಾಲುಗಳೂ ಒಮ್ಮೆಗೇ ನೆಲವನ್ನು ಬಿಡುವುವೆ, ಇಲ್ಲವೆ ಎಂಬ ವಿವಾದವು ಹಿಂದಿನ ಶತಮಾನಗಳಲ್ಲಿ ಬಲವಾಗಿದ್ದಿತು. ಕಣ್ಣಿಗೆ ಅದು ನಿಲುಕದು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತನು ಕುದುರೆ ಓಡುವ ದಾರಿಯ ಪಕ್ಕದಲ್ಲಿ 12 ಕ್ಯಾಮರಾಗಳನ್ನು ಸಾಲಾಗಿ ಇಟ್ಟು, ಎದುರಿಗೆ ಬಿಳಿಯ ಹಿನ್ನೆಲೆಯನ್ನು ಕಟ್ಟಿ ಚಿತ್ರಗಳನ್ನು ತೆಗೆದನು. ನಾಲ್ಕು ಕಾಲುಗಳೂ ನೆಲವನ್ನು ಬಿಡುವುವೆಂದು ಸಿದ್ಧವಾಯಿತು. ಮಾತ್ರವಲ್ಲ, ವರ್ಣಚಿತ್ರಗಾರರು ಬರೆಯುತ್ತಿದ್ದಂತೆ ಕಾಲುಗಳನ್ನು ಮುಂದಕ್ಕೂ ಹಿಂದಕ್ಕೂ ಚಾಚಿದಾಗಲ್ಲ, ಹೊಟ್ಟೆಯ ಕೆಳಗೆ ಮಡಿಸಿಕೊಂಡಾಗ ಹಾಗೆ ಆಗುವುದೆಂದೂ ತಿಳಿದುಬಂದಿತು.

ಅದೇ ಕ್ಯಾಮರಾಗಳನ್ನು ಆತನು ಕುದುರೆಯ ಎದುರಿಗೆ ಇಟ್ಟಿದ್ದರೆ ಎದೆಯೂ ಕಿವಿಗಳೂ ಕಾಣುತ್ತಿದ್ದುವೇ ಹೊರತು ಗೊರಸಿಗೂ ನೆಲಕ್ಕೂ ನಡುವಣ ಅಂತರವು ತಿಳಿಯುತ್ತಿರಲಿಲ್ಲ. ಪ್ರಶ್ನೆಯು ನೆಲಕ್ಕೂ ಕಾಲಿಗೂ ಸಂಬಂಧಪಟ್ಟದ್ದು. ಆದುದರಿಂದ ಓಟಕ್ಕೆ ಲಂಬವಾಗಿ, ಪಕ್ಕದಲ್ಲಿ ನಿಲ್ಲಬೇಕಾಯಿತು. ಸವಾರನು ಎಷ್ಟು ಎತ್ತರ ಹಾರಿದನು, ಎಲ್ಲಿ ಇಳಿಯುವನು ಎಂಬುದು ಪ್ರಶ್ನೆಯಾದರೆ ಇಂದಿಗೂ ಉತ್ತರವು ಪಕ್ಕದ ಕೋನದಲ್ಲಿಯೇ ಇದೆ. ಅವನ ಮುಖದ ಶ್ರದ್ಧೆ ಹೇಗಿತ್ತೆಂಬುದು ಪ್ರಶ್ನೆಯಾದರೆ ಬೇರೆ ಕಡೆ ನಿಲ್ಲಬೇಕು.

ಚನ್ನಪಟ್ಟಣದ ಗೊಂಬೆಯಿಂದ ಒಂದು ಪಾಠ

ಎತ್ತರದ ವಿಷಯವನ್ನು ಮನೆಯಲ್ಲಿ ಕುಳಿತೇ ಪರೀಕ್ಷಿಸಬಹುದು. ಆಲೆಮರದಲ್ಲಿ ಕಡೆದು ಅರಗಿನ ಬಣ್ಣವನ್ನು ಹಚ್ಚಿದ ಚನ್ನಪಟ್ಟಣದ ಗೊಂಬೆಯ ಕುದುರೆಯೋ ಬಂಡಿಯೋ ಮಕ್ಕಳಿರುವ ಮನೆಯಲ್ಲಿ ಸಿಕ್ಕದಿರದು. ಅದನ್ನು ಮೇಜಿನ ಮಧ್ಯದಲ್ಲಿ ಒಂದು ಬೆಂಕಿಪೊಟ್ಟಣದ ಮೇಲೆ ನಿಲ್ಲಿಸಿರಿ. ನಿಂತುಕೊಂಡು ಮೇಲಿನಿಂದ ನೋಡಿದರೆ ಪೊಟ್ಟಣವು ಗೊಂಬೆಯ ಅಡಿಯಲ್ಲಿ ಅಡಗಿ, ಗೊಂಬೆಯು ಮೇಜಿಗೇ ಅಂಟಿಕೊಂಡಂತೆ ತೋರುವುದು. ಕುರ್ಚಿಯಲ್ಲಿ ಕುಳಿತು ನೋಡಿದರೆ ಸ್ವಲ್ಪ ಎದ್ದಂತೆ ಕಾಣುವುದು. ಗಲ್ಲವನ್ನು ಮೇಜಿನ ಅಂಚಿಗೆ ತಾಗಿಸಿ ನೋಡಿದರೆ ಮೇಜು ಒಂದು ಗೆರೆಯಾಗಿ, ಗೊಂಬೆಯು ಆ ಗೆರೆಯನ್ನು ಬಿಟ್ಟು ಗೋಡೆಯ ಮುಂದೆ ತೇಲುವುದು. ಗೊಂಬೆ ಏರಲಿಲ್ಲ, ನೋಡುವವರ ಕಣ್ಣು ಇಳಿಯಿತು.

ಇದರ ತತ್ತ್ವ ಸುಲಭವಾದುದು. ಸಮತಟ್ಟಾದ ನೆಲದಲ್ಲಿ ಕ್ಷಿತಿಜವು ಯಾವಾಗಲೂ ನೋಡುವವರ ಕಣ್ಣಿನ ಎತ್ತರದಲ್ಲಿರುವುದು. ಕಣ್ಣಿಗಿಂತ ತಗ್ಗಿನಲ್ಲಿರುವುದು ನೆಲದ ಮುಂದೆಯೂ, ಕಣ್ಣಿಗಿಂತ ಎತ್ತರದಲ್ಲಿರುವುದು ಆಕಾಶದ ಮುಂದೆಯೂ ಕಾಣುವುದು. ಈಗ ಲೆಕ್ಕ ಹಾಕೋಣ. ಹಾರಿದ ಮಟ್ಟಕ್ಕೇ ಇಳಿಯುವ ಸವಾರನು ಒಂದು ಸೆಕೆಂಡಿನ ಕಾಲ ಗಾಳಿಯಲ್ಲಿದ್ದರೆ ಅವನ ಚಕ್ರಗಳು ಸುಮಾರು 1.2 ಮೀಟರು, ಎಂದರೆ ನಾಲ್ಕು ಅಡಿ ಮೇಲೇಳುವುವು. ಐದು ಅಡಿ ಎತ್ತರದಲ್ಲಿ ಕ್ಯಾಮರಾವನ್ನು ಕಣ್ಣಿಗೆ ಹಿಡಿದು ನಿಂತವನ ಚಿತ್ರದಲ್ಲಿ ಆ ಚಕ್ರಗಳು ಇನ್ನೂ ಕ್ಷಿತಿಜದ ಕೆಳಗೇ, ಕೆಂಪುಮಣ್ಣಿನ ಮುಂದೆಯೇ ಇರುವುವು. ಹಾರಿದ ಶ್ರಮವೆಲ್ಲ ವ್ಯರ್ಥವಾದಂತೆ ತೋರುವುದು. ಅವನೇ ಮಂಡಿಯೂರಿ ಕ್ಯಾಮರಾವನ್ನು ಎರಡಡಿಗೆ ಇಳಿಸಿದರೆ ಚಕ್ರಗಳು ಆಕಾಶಕ್ಕೆ ಏರುವುವು. ನೆಲಕ್ಕೆ ಮಲಗಿಬಿಟ್ಟರೆ ನಾಲ್ಕಡಿಯ ಹಾರಾಟವು ಹದಿನಾಲ್ಕಡಿಯಂತೆ ಭ್ರಮೆ ಹುಟ್ಟಿಸುವುದು. ಮಸೂರವು ವಿಶಾಲಕೋನದ್ದಾಗಿ, ಸವಾರನು ಹತ್ತಿರದಲ್ಲಿದ್ದರಂತೂ ಮುಂದಿನ ಚಕ್ರವು ಬಂಡಿಯ ಗಾಲಿಯಷ್ಟಾಗುವುದು. ದೂರದರ್ಶಕದಂತಹ ಉದ್ದ ಮಸೂರವು ಇದಕ್ಕೆ ವ್ಯತಿರಿಕ್ತವಾಗಿ ಆಳವನ್ನು ಕುಗ್ಗಿಸುವುದು. ಮೂವತ್ತು ಅಡಿ ಅಂತರದಲ್ಲಿರುವ ಇಬ್ಬರು ಸವಾರರು ಅದರಲ್ಲಿ ಒಬ್ಬರನ್ನೊಬ್ಬರು ಮುಟ್ಟುವಂತೆ ಕಾಣುವರು.

ಎತ್ತರದಿಂದ ನೋಡುವುದಕ್ಕೂ ಅದರದೇ ಪ್ರಯೋಜನವಿದೆ. ದಿಣ್ಣೆಯ ಮೇಲಿನಿಂದ ತೆಗೆದ ಚಿತ್ರದಲ್ಲಿ ಹಾರಾಟವು ಮಾಯವಾದರೂ ದಾರಿಯ ಬಾಗುಬಳುಕುಗಳು, ಯಾರು ಯಾವ ಜಾಡನ್ನು ಹಿಡಿದರು, ಯಾರು ಒಳಗಿನಿಂದ ನುಗ್ಗಿ ಮುಂದಾದರು ಎಂಬುದು ನಕ್ಷೆಯಂತೆ ತೆರೆದಿರುವುದು. ಪಂದ್ಯದ ಕಥೆಯನ್ನು ಹೇಳಬೇಕಾದವನು ಮೇಲೆ ಹತ್ತಬೇಕು. ಒಬ್ಬ ಸವಾರನ ಸಾಹಸವನ್ನು ಹೇಳಬೇಕಾದವನು ಕೆಳಗಿಳಿಯಬೇಕು.

ತಿರುವಿನಲ್ಲಿ ಕಣ್ಣು

ಹೊಸಬರು ದಿಬ್ಬದ ಬಳಿಯೇ ಗುಂಪು ಕಟ್ಟುವರು. ಆದರೆ ಸವಾರನ ವಿದ್ಯೆಯು ಹಾರಾಟಕ್ಕಿಂತ ತಿರುವಿನಲ್ಲಿಯೇ ಹೆಚ್ಚಾಗಿ ತೋರುವುದು. ತಿರುವನ್ನು ಹೊಕ್ಕ ಸವಾರನು ಮುಂದಕ್ಕೆ ಸರಿದು ಕುಳಿತು, ಒಳಗಡೆಯ ಕಾಲನ್ನು ಮುಂದಕ್ಕೆ ಚಾಚಿ, ಹೊರಗಡೆಯ ಮೊಣಕೈಯನ್ನು ಮೇಲೆತ್ತಿ, ಗಾಡಿಯನ್ನು ಮಾತ್ರ ಒಳಕ್ಕೆ ಬಾಗಿಸುವನು. ಅವನ ದೃಷ್ಟಿ ಮುಂದಿನ ಚಕ್ರದ ಮೇಲೆ ಇರುವುದಿಲ್ಲ. ತಿರುವು ಮುಗಿಯುವ ಎಡೆಯ ಮೇಲೆ ಇರುವುದು. ಆದಕಾರಣ ಚಿತ್ರಗ್ರಾಹಕನು ತಿರುವಿನ ಒಳಮಗ್ಗುಲಲ್ಲಿ, ಅದರ ಕೊನೆಯ ಕಡೆಗೆ, ಹಗ್ಗದ ಹಿಂದೆ ನಿಂತರೆ ಚಾಚಿದ ಕಾಲೂ ಬಾಗಿದ ಗಾಡಿಯೂ ಕನ್ನಡಕದೊಳಗಣ ಕಣ್ಣುಗಳೂ ಒಟ್ಟಿಗೆ ಅವನಿಗೆ ಒದಗುವುವು. ಹೊರಮಗ್ಗುಲಲ್ಲಿ ನಿಂತವನಿಗೆ ಹಿಂದಿನ ಚಕ್ರವು ಎರಚುವ ಮಣ್ಣೇ ಪ್ರಸಾದ. ಜಾರಿದ ಗಾಡಿಯು ಬಂದು ಬೀಳುವುದೂ ಆ ಕಡೆಗೇ.

ಓಡುವುದನ್ನು ವರ್ಣಿಸುವವನು ಎಲ್ಲಿ ನಿಂತಿದ್ದಾನೆಂಬುದನ್ನು ನಮ್ಮ ಹಿಂದಿನ ಕವಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಕಾಳಿದಾಸನ ಶಾಕುಂತಲದ ಮೊದಲನೆಯ ಅಂಕದಲ್ಲಿ ಓಡುವ ಜಿಂಕೆಯನ್ನು ಕಾಣುವವನು ದುಷ್ಯಂತ. ಅವನು ನಿಂತಿರುವುದು ಬೆನ್ನಟ್ಟಿದ ರಥದಲ್ಲಿ. ಆದ್ದರಿಂದಲೇ ಹಿಂದಿರುಗಿ ನೋಡುವ ಜಿಂಕೆಯ ಕತ್ತಿನ ಬಾಗೂ ಅದರ ಭಯವೂ ಅಷ್ಟು ನಿಚ್ಚಳವಾಗಿ ಬರಲು ಸಾಧ್ಯವಾಯಿತು. ಹಾದಿಯ ಪಕ್ಕದ ಮರದಡಿಯಲ್ಲಿ ಇದ್ದವನಿಗೆ ಕಾಲಿನ ಓಟ ಕಾಣುತ್ತಿತ್ತು, ಆ ನೋಟ ಕಾಣುತ್ತಿರಲಿಲ್ಲ. ಕವಿಯಾಗಲಿ ಚಿತ್ರಗ್ರಾಹಕನಾಗಲಿ, ಭಾವವು ಯಾವ ಕಡೆ ಮುಖ ಮಾಡಿದೆಯೋ ಆ ಕಡೆ ಹೋಗಿ ನಿಲ್ಲಬೇಕಾಗುವುದು.

ಕೋನಕ್ಕೂ ಕಾಲಕ್ಕೂ ನಂಟು

ನಿಂತ ಜಾಗವು ಬದಲಾದರೆ ಕ್ಯಾಮರಾದ ಬಾಗಿಲು ತೆರೆದಿರಬೇಕಾದ ಕಾಲವೂ ಬದಲಾಗುವುದು. ಗಂಟೆಗೆ 54 ಕಿಲೋಮೀಟರು ವೇಗದಲ್ಲಿ ಹೋಗುವ ಸವಾರನು ಒಂದು ಸೆಕೆಂಡಿಗೆ 15 ಮೀಟರು ಸಾಗುವನು. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಅವನು ಚಲಿಸುವುದು ಒಂದೂವರೆ ಸೆಂಟಿಮೀಟರು; ಅರವತ್ತರಲ್ಲೊಂದು ಪಾಲಿನಲ್ಲಿ 25 ಸೆಂಟಿಮೀಟರು. ಪಕ್ಕದಲ್ಲಿ ನಿಂತವನಿಗೆ ಈ ಚಲನೆಯೆಲ್ಲವೂ ಅಡ್ಡಲಾಗಿ ಕಾಣುವುದರಿಂದ ಚಿತ್ರವು ಬೇಗನೆ ಕಲಸಿಹೋಗುವುದು. ಓರೆಯಾಗಿ, 45 ಅಂಶದ ಕೋನದಲ್ಲಿ ನಿಂತವನಿಗೆ ಅಡ್ಡಚಲನೆಯು ಹತ್ತರಲ್ಲಿ ಏಳು ಪಾಲಿನಷ್ಟಾಗುವುದು. ಎದುರಿಗೆ ನಿಂತವನಿಗೆ ಸವಾರನು ಸರಿಯುವುದಕ್ಕಿಂತ ದೊಡ್ಡದಾಗುತ್ತ ಬರುವನು. ಕಲಸಾಟವು ಬಹಳ ಕಡಿಮೆ.

ಹಾಗೆಂದು ಯಾವಾಗಲೂ ಸಾವಿರದಲ್ಲೊಂದು ಪಾಲನ್ನೇ ಹಿಡಿಯಬೇಕೆಂದಲ್ಲ. ಸಮನೆಲದಲ್ಲಿ ಓಡುವ ಗಾಡಿಯ ಕಡ್ಡಿಗಳೆಲ್ಲ ಎಣಿಸುವಂತೆ ಸ್ಪಷ್ಟವಾಗಿಬಿಟ್ಟರೆ ಅದು ನಿಲ್ಲಿಸಿದ ಗಾಡಿಯಂತೆಯೇ ತೋರುವುದು. ಆಗ ಕಾಲವನ್ನು ನೂರಿಪ್ಪತ್ತೈದರಲ್ಲೊಂದಕ್ಕೋ ಅರವತ್ತರಲ್ಲೊಂದಕ್ಕೋ ಇಳಿಸಿ, ತೇರಿನೊಡನೆ ಭಕ್ತರ ಕಣ್ಣು ಸಾಗುವಂತೆ ಕ್ಯಾಮರಾವನ್ನು ಸವಾರನೊಡನೆಯೇ ತಿರುಗಿಸುತ್ತ ಗುಂಡಿಯನ್ನು ಒತ್ತಬೇಕು. ಮೊಣಕೈಗಳು ಮೈಗೆ ತಾಗಿರಲಿ, ತಿರುಗುವುದು ಸೊಂಟದಿಂದ ಆಗಲಿ, ಗುಂಡಿ ಒತ್ತಿದ ಮೇಲೂ ತಿರುಗುವುದು ನಿಲ್ಲದಿರಲಿ. ಸವಾರನು ಸ್ಪಷ್ಟವಾಗಿಯೂ ಹಿಂದಣ ಮರಗಿಡಗಳು ಎಳೆಎಳೆಯಾಗಿಯೂ ಬಂದರೆ ವೇಗವು ತಾನಾಗಿ ತೋರುವುದು. ಪಕ್ಕದ ಕೋನವಲ್ಲದೆ ಬೇರೆ ಕೋನದಲ್ಲಿ ಇದು ಚೆನ್ನಾಗಿ ಸಾಧಿಸದು.

ಹಾರಾಟದಲ್ಲಿ ಪ್ರಕೃತಿಯೇ ನಮಗೆ ಒಂದು ಉಪಕಾರವನ್ನು ಮಾಡಿದೆ. ಮೇಲೇರಿದ ವಸ್ತುವು ಇಳಿಯುವುದಕ್ಕೆ ಮುಂಚೆ ತುದಿಯಲ್ಲಿ ಕ್ಷಣಕಾಲ ಏರುವುದನ್ನೂ ಇಳಿಯುವುದನ್ನೂ ಬಿಟ್ಟಿರುವುದು. ಆ ಕ್ಷಣಕ್ಕೆ ಹಿಂದೆ ಮುಂದೆ ಸೆಕೆಂಡಿನ ಹತ್ತನೆಯ ಒಂದು ಪಾಲಿನೊಳಗೆ ಸವಾರನ ಎತ್ತರವು ಕೇವಲ ಐದು ಸೆಂಟಿಮೀಟರು ವ್ಯತ್ಯಾಸವಾಗುವುದು. ಸುತ್ತು ಸುತ್ತಿಗೂ ಸವಾರರು ಒಂದೇ ದಿಬ್ಬವನ್ನು ಹಾರುವುದರಿಂದ, ಮೊದಲ ಎರಡು ಸುತ್ತು ಸುಮ್ಮನೆ ನೋಡಿ ಆ ತುದಿಯ ಎಡೆಯನ್ನು ಗುರುತುಮಾಡಿಕೊಂಡು ಮೂರನೆಯ ಸುತ್ತಿನಲ್ಲಿ ಕಾದಿರುವವನು ಜಾಣ. ಮೊಬೈಲು ಫೋನಿನಿಂದ ತೆಗೆಯುವವರು ಇನ್ನೊಂದು ವಿಶೇಷವನ್ನು ತಿಳಿದಿರಬೇಕು. ಬಹುಪಾಲು ಫೋನುಗಳ ಕ್ಯಾಮರಾ ಚಿತ್ರವನ್ನು ಒಮ್ಮೆಗೇ ಗ್ರಹಿಸದೆ ಸಾಲುಸಾಲಾಗಿ ಓದಿಕೊಳ್ಳುವುದರಿಂದ, ಹತ್ತಿರದಲ್ಲಿ ಅಡ್ಡಲಾಗಿ ಹಾಯುವ ಚಕ್ರಗಳು ಸೊಟ್ಟಗಾಗಿ ಬರುವುದುಂಟು. ನೂರು ವರ್ಷಗಳ ಹಿಂದೆ ಫ್ರಾನ್ಸಿನ ಲಾರ್ತಿಗ್ ಎಂಬಾತನು ತೆಗೆದ ಓಟದ ಕಾರಿನ ಪ್ರಸಿದ್ಧ ಚಿತ್ರದಲ್ಲಿಯೂ ಇಂತಹುದೇ ಕಾರಣದಿಂದ ಚಕ್ರವು ಮೊಟ್ಟೆಯಾಕಾರವಾಗಿ ಮುಂದಕ್ಕೆ ವಾಲಿದೆ. ಸ್ವಲ್ಪ ದೂರ ಸರಿದು ಓರೆಯಾಗಿ ನಿಂತರೆ ಈ ದೋಷವು ತಗ್ಗುವುದು.

ಬೆಳಕು, ಧೂಳು, ಹಿಪ್ಪುನೇರಳೆ

ನಮ್ಮ ಸೀಮೆಯ ಕೆಂಪುಮಣ್ಣೂ ಬೂದುಬಣ್ಣದ ಬಂಡೆಗಳೂ ಚಿತ್ರಕ್ಕೆ ಹೇಳಿಮಾಡಿಸಿದಂತಿವೆ. ಬೆಳಗಿನ ಅಥವಾ ಸಂಜೆಯ ಸೂರ್ಯನು ಸವಾರನ ಹಿಂದಿದ್ದರೆ ಧೂಳಿನ ಕಣಕಣವೂ ಹೊತ್ತಿಕೊಂಡಂತೆ ಹೊಳೆಯುವುದು. ಹಿಂದೆ ಕಪ್ಪಾದ ಬಂಡೆಯ ನೆರಳಿದ್ದರಂತೂ ಹೊಳಪು ಇಮ್ಮಡಿಯಾಗುವುದು. ಆದರೆ ಆಗ ಸವಾರನ ಮುಖವು ಕತ್ತಲಲ್ಲಿರುವುದು. ಸೂರ್ಯನು ಚಿತ್ರಗ್ರಾಹಕನ ಬೆನ್ನ ಹಿಂದಿದ್ದರೆ ಬಣ್ಣಗಳೂ ಬಟ್ಟೆಯೂ ಸಂಖ್ಯೆಯೂ ಸ್ಪಷ್ಟ, ಧೂಳು ಮಾತ್ರ ಸಪ್ಪೆ. ನಡುಹಗಲಿನ ಬಿಸಿಲಿನಲ್ಲಿ ಹೆಲ್ಮೆಟ್ಟಿನ ಮುಂಚಾಚು ಕಣ್ಣುಗಳ ಮೇಲೆ ನೆರಳನ್ನು ಹಾಕುವುದರಿಂದ ಆ ಹೊತ್ತು ಚಿತ್ರಕ್ಕೆ ಒಗ್ಗದು.

ಹಿನ್ನೆಲೆಯ ಆಸೆಯಿಂದ ಎಲ್ಲೆಂದರಲ್ಲಿ ಗಾಡಿ ಓಡಿಸುವುದು ಸಲ್ಲದು. ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾಗಿದೆ. ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಬಂಡೆಗಳ ಬಳಿ ಎಂಜಿನ್ನಿನ ಆರ್ಭಟಕ್ಕೆ ಎಡೆಯಿಲ್ಲ. ಎರಡನೆಯದಾಗಿ, ಇದು ರೇಷ್ಮೆಯ ನಾಡು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾದುದು. ಧೂಳು ಕೂತ ಹಿಪ್ಪುನೇರಳೆ ಸೊಪ್ಪನ್ನು ಹುಳುಗಳಿಗೆ ಹಾಕಲು ಬೆಳೆಗಾರರು ಹಿಂಜರಿಯುವರು. ಚಿತ್ರದಲ್ಲಿ ಚಿನ್ನದಂತೆ ಹೊಳೆದ ಧೂಳು ಪಕ್ಕದ ತೋಟದವನ ಬೆಳೆಯ ಮೇಲೆ ಬಿದ್ದಿರಬಹುದೆಂಬ ಎಚ್ಚರ ಇರಬೇಕು. ಒಡೆಯನ ಒಪ್ಪಿಗೆಯಿರುವ, ತೋಟಗಳಿಂದ ದೂರವಾದ, ನೀರು ಚಿಮುಕಿಸಿದ ಅಂಕಣವೇ ಯೋಗ್ಯವಾದುದು.

ನಿಲ್ಲಬಾರದ ಜಾಗಗಳು

ಚಿತ್ರಕ್ಕೆ ಉತ್ತಮವಾದ ಕೋನವು ಪ್ರಾಣಕ್ಕೆ ಉತ್ತಮವಾಗಿರಲೇಬೇಕೆಂದಿಲ್ಲ. ಹಾರಿದವನು ಇಳಿಯುವ ಇಳಿಜಾರಿನ ನೇರದಲ್ಲಿಯೂ, ತಿರುವಿನ ಹೊರಮಗ್ಗುಲಲ್ಲಿಯೂ, ದಿಬ್ಬದ ಮರೆಯಲ್ಲಿಯೂ ನಿಲ್ಲಬಾರದು. ದಿಬ್ಬದ ಆಚೆ ಮಲಗಿ ಕ್ಯಾಮರಾ ಹಿಡಿದವನನ್ನು ಸವಾರನು ಕಾಣಲಾರನು. ಗಾಳಿಯಲ್ಲಿರುವ ಗಾಡಿಗೆ ಬ್ರೇಕು ಎಂಬುದಿಲ್ಲ. ನೆಲಮಟ್ಟದ ಕೋನ ಬೇಕಾದರೆ ಹಗ್ಗದ ಹೊರಗೇ ಕುಳಿತು ಉದ್ದ ಮಸೂರದಿಂದ ತೆಗೆಯಬಹುದು. ಫ್ಲ್ಯಾಷ್ ದೀಪವನ್ನು ಸವಾರನ ಕಣ್ಣಿಗೆ ಹಾಯಿಸಬಾರದು. ಬಾವುಟ ಹಿಡಿದ ಮಾರ್ಷಲರ ಮುಂದೆ ನಿಂತು ಅವರನ್ನು ಮರೆಮಾಡಬಾರದು. ಮುಂದೆ ಯಾರೋ ಬಿದ್ದಿದ್ದಾರೆಂದು ಸವಾರನಿಗೆ ತಿಳಿಸುವ ಹಳದಿ ಬಾವುಟವು ಚಿತ್ರಗ್ರಾಹಕನ ಬೆನ್ನ ಹಿಂದೆ ಅಡಗಿದರೆ ಆಗುವ ಅನಾಹುತಕ್ಕೆ ಹೊಣೆ ಯಾರು? ಒಂದು ಕಣ್ಣು ಕ್ಯಾಮರಾದಲ್ಲಿದ್ದರೂ ಇನ್ನೊಂದು ತೆರೆದಿರಬೇಕು. ಜೊತೆಗೆ ಒಬ್ಬರು ನಿಂತು ಎಚ್ಚರ ಹೇಳುವಂತಿದ್ದರೆ ಇನ್ನೂ ಲೇಸು.

ಸ್ವಭಾವೋಕ್ತಿಯೂ ಅತಿಶಯೋಕ್ತಿಯೂ

ನಮ್ಮ ಅಲಂಕಾರಶಾಸ್ತ್ರದಲ್ಲಿ ಇದ್ದುದನ್ನು ಇದ್ದಂತೆ ಸುಂದರವಾಗಿ ಹೇಳುವುದಕ್ಕೆ ಸ್ವಭಾವೋಕ್ತಿಯೆಂದೂ, ಮೇರೆಮೀರಿ ಹೆಚ್ಚಿಸಿ ಹೇಳುವುದಕ್ಕೆ ಅತಿಶಯೋಕ್ತಿಯೆಂದೂ ಹೆಸರು. ದಂಡಿಯು ಸ್ವಭಾವೋಕ್ತಿಯನ್ನು ಮೊದಲನೆಯ ಅಲಂಕಾರವೆಂದು ಎಣಿಸಿದನು. ಕುಂತಕನು ಅದು ಅಲಂಕಾರವೇ ಅಲ್ಲವೆಂದನು. ಪಕ್ಕದ ಕೋನವು ಸ್ವಭಾವೋಕ್ತಿ, ನೆಲಮಟ್ಟದ ಕೋನವು ಅತಿಶಯೋಕ್ತಿ ಎನ್ನಬಹುದು. ಅತಿಶಯೋಕ್ತಿಯು ದೋಷವಲ್ಲ. ಇದೇ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾಗಿ 1975ರ ಆಗಸ್ಟ್ 15ರಂದು ಬಿಡುಗಡೆಯಾದ ‘ಶೋಲೆ’ ಚಲನಚಿತ್ರದಲ್ಲಿ ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರ ಕ್ಯಾಮರಾ ದರೋಡೆಗಾರನ ಮುಖಕ್ಕೆ ಮೊದಲು ಬಂಡೆಯ ಮೇಲೆ ನಡೆಯುವ ಅವನ ಬೂಟುಗಳನ್ನು ತೋರಿಸಿತು. ನೋಡಿದವರು ಮುಖವನ್ನು ಕಾಣುವ ಮೊದಲೇ ಬೆದರಿದರು. ಕಥೆಯಲ್ಲಿ ಇದು ಭೂಷಣ. ಆದರೆ ಮನೆಯವರು ಮಗನ ಕ್ಷೇಮವನ್ನು ತಿಳಿಯಲು ನೋಡುವ ಚಿತ್ರದಲ್ಲಿ ಕೇವಲ ಅತಿಶಯೋಕ್ತಿಯೇ ಇದ್ದರೆ ಅದು ವಂಚನೆಗೆ ಸಮೀಪವಾಗುವುದು.

ನನಗೆ ಪರಿಚಿತವಾದ ರೇಷ್ಮೆ ಬೆಳೆಗಾರರ ಮನೆಯೊಂದರಲ್ಲಿ ನಡೆದುದನ್ನು ಇಲ್ಲಿ ಹೇಳಬಹುದು. ಆ ಮನೆಯ ಹಿರಿಯ ಮಗನು ನನ್ನ ಹಳೆಯ ವಿದ್ಯಾರ್ಥಿ; ಅಭ್ಯಾಸದ ಅಂಕಣವೊಂದರಲ್ಲಿ ಸವಾರಿಯನ್ನು ಕಲಿಯುತ್ತಿದ್ದನು. ಸ್ನೇಹಿತನು ನೆಲಕ್ಕೆ ಮಲಗಿ ತೆಗೆದ ಚಿತ್ರವೊಂದು ಮನೆಗೆ ಬಂದಿತು: ಆಕಾಶದಲ್ಲಿ ಒಂದು ಭಾರಿ ಚಕ್ರ, ಅದರ ಹಿಂದೆ ಹೆಲ್ಮೆಟ್ಟಿನ ತುದಿ. ತಂದೆಯು ಗಾಡಿಯನ್ನೇ ಮಾರಿಬಿಡುವೆನೆಂದನು. ತಾಯಿಯು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮುಂದಿನ ವಾರ ಹುಡುಗನ ತಂಗಿಯು ಜೊತೆಗೆ ಹೋಗಿ, ಹಗ್ಗದ ಹಿಂದೆ ಪಕ್ಕದಲ್ಲಿ ನಿಂತು ಅದೇ ದಿಬ್ಬದ ಬಳಿ ಒಂದು ಚಿತ್ರವನ್ನು ತೆಗೆದಳು. ಅದರಲ್ಲಿ ಮೊಣಕಾಲಿನಷ್ಟು ಎತ್ತರದ ಹಾರಾಟ, ಮುಂದೆ ಹದವಾದ ಇಳಿಜಾರು, ಬಾವುಟ ಹಿಡಿದು ನಿಂತ ಶಿಕ್ಷಕ, ಹೆಲ್ಮೆಟ್ಟು, ಎದೆಗಾಪು ಎಲ್ಲವೂ ಇದ್ದುವು. ತಾಯಿಯು ಅದನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ, “ಮೇಷ್ಟ್ರೇ, ಎಲ್ಲಾ ಸರಿಯಾಗಿದೆ. ಕಾಲಿಗೆ ಮಾತ್ರ ಇವನು ಶಾಲೆಗೆ ಹಾಕ್ಕೊಂಡು ಹೋಗ್ತಿದ್ದಂಥ ಬಟ್ಟೆ ಷೂಸು ಹಾಕ್ಕೊಂಡಿದಾನಲ್ಲ, ಇದು ಸಾಕಾ?” ಎಂದು ಕೇಳಿದಳು. ನಿಜ, ಮೊಣಕಾಲಿನವರೆಗೆ ಬರುವ ಗಟ್ಟಿಯಾದ ಬೂಟುಗಳು ಅವನ ಕಾಲಲ್ಲಿ ಇರಲಿಲ್ಲ. ಮೊದಲ ಚಿತ್ರದಲ್ಲಿ ಕಾಲನ್ನು ಚಕ್ರವು ಮರೆಮಾಡಿದ್ದಿತು. ಗಾಡಿ ಮಾರಾಟವಾಗಲಿಲ್ಲ, ಬೂಟು ಬರುವವರೆಗೆ ಅಂಕಣಕ್ಕೆ ಹೋಗಕೂಡದೆಂದು ಮನೆಯಲ್ಲಿ ತೀರ್ಮಾನವಾಯಿತು. ಮುಂದಿನ ಗೂಡಿನ ಹಣದಲ್ಲಿ ಬೂಟು ಬಂದಿತು. ಭಯಕ್ಕೆ ಕಾರಣವಿಲ್ಲದ ಕಡೆ ಭಯಪಡಿಸಿ, ಕಾರಣವಿದ್ದ ಕಡೆಯನ್ನೇ ಮುಚ್ಚಿದ್ದ ಮೊದಲ ಚಿತ್ರಕ್ಕಿಂತ ತಂಗಿಯ ಚಿತ್ರವು ಎಷ್ಟು ಉಪಕಾರಿಯಾಯಿತೆಂಬುದನ್ನು ವಾಚಕರೇ ಎಣಿಸಬಹುದು.

ಇನ್ನೊಂದು ವಿಷಯವನ್ನು ಹೇಳದೆ ಈ ಲೇಖನವನ್ನು ಮುಗಿಸುವಂತಿಲ್ಲ. ಅಂಕಣಕ್ಕೆ ಹೋಗದೆ, ಊರ ರಸ್ತೆಯಲ್ಲಿಯೂ ಹೆದ್ದಾರಿಯಲ್ಲಿಯೂ ಒಂದೇ ಚಕ್ರದ ಮೇಲೆ ಗಾಡಿ ಓಡಿಸಿ ಚಿತ್ರ ತೆಗೆಸಿಕೊಳ್ಳುವ ಚಾಳಿ ಕೆಲವು ಹುಡುಗರಲ್ಲಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಮೋಟಾರುಸೈಕಲ್ಲುಗಳ ಪ್ರವೇಶವನ್ನೇ ನಿಷೇಧಿಸಲಾಯಿತು. ಪ್ರಾಪ್ತವಯಸ್ಕನಲ್ಲದ ಹುಡುಗನು ಮೋಟಾರು ವಾಹನದಿಂದ ಅಪರಾಧವೆಸಗಿದರೆ, 2019ರ ತಿದ್ದುಪಡಿಯಂತೆ ಅವನ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆಯೂ 25,000 ರೂಪಾಯಿ ದಂಡವೂ ವಿಧಿಸಲ್ಪಡಬಹುದು. ಇಂತಹ ಚಿತ್ರ ತೆಗೆಯುವ ಸ್ನೇಹಿತನು ತಾನು ಕೇವಲ ನೋಡುವವನೆಂದು ಭಾವಿಸಿರುವನು. ಹಾಗಲ್ಲ. ಅವನು ಕ್ಯಾಮರಾವನ್ನು ಎತ್ತುವುದರಿಂದಲೇ ಇವನು ಚಕ್ರವನ್ನು ಎತ್ತುವನು. “ಅಂಕಣಕ್ಕೆ ಬಾ, ಹೆಲ್ಮೆಟ್ಟು ಹಾಕು, ಆಮೇಲೆ ತೆಗೆಯುತ್ತೇನೆ” ಎಂದು ಕ್ಯಾಮರಾವನ್ನು ಕೆಳಗಿಡುವುದೂ ಒಬ್ಬ ಛಾಯಾಗ್ರಾಹಕನು ಮಾಡಬಹುದಾದ ಆಯ್ಕೆಯೇ.

ಪಂದ್ಯಕ್ಕೋ ಅಭ್ಯಾಸಕ್ಕೋ ಹೋಗುವ ಮಕ್ಕಳ ಜೊತೆಯಲ್ಲಿ ಕ್ಯಾಮರಾ ಹಿಡಿದು ಹೋಗುವವರು ಕಡೆಯ ಪಕ್ಷ ಮೂರು ಚಿತ್ರಗಳನ್ನು ಮನೆಗೆ ತರಲಿ. ಪಕ್ಕದಿಂದ ತೆಗೆದ ಹಾರಾಟ ಒಂದು. ಇದರಲ್ಲಿ ನೆಲವೂ ಇಳಿಜಾರೂ ತಲೆಯಿಂದ ಕಾಲಿನವರೆಗಿನ ರಕ್ಷಣೆಯೂ ಕಾಣಲಿ. ತಿರುವಿನ ಒಳಮಗ್ಗುಲಿನಿಂದ ತೆಗೆದುದು ಎರಡನೆಯದು. ಇದರಲ್ಲಿ ಅವನ ವಿದ್ಯೆ ಕಾಣಲಿ. ನೆಲಮಟ್ಟದ ವೈಭವದ ಚಿತ್ರವನ್ನು ಆಸೆಯಿದ್ದರೆ ಆಮೇಲೆ ತೆಗೆಯಲಿ. ಯೌವನಕ್ಕೆ ಅಷ್ಟು ಅತಿಶಯವು ಸಲ್ಲುವುದು. ಮೂರನೆಯದು, ಸವಾರಿ ಮುಗಿದು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಧೂಳು ಹಿಡಿದ ಮುಖವನ್ನು ಒರಸಿಕೊಳ್ಳುತ್ತಿರುವಾಗ ತೆಗೆದುದು. ಅದಕ್ಕೆ ಮೇಲೆ ಹತ್ತುವುದೂ ಬೇಡ, ಕೆಳಗೆ ಮಲಗುವುದೂ ಬೇಡ. ಅವನ ಕಣ್ಣಿನ ಮಟ್ಟಕ್ಕೆ ಕ್ಯಾಮರಾವನ್ನು ಹಿಡಿದರೆ ಸಾಕು. ಮನೆಯಲ್ಲಿ ಎಲ್ಲರೂ ಮೊದಲು ಕೇಳುವುದು ಆ ಚಿತ್ರವನ್ನೇ.